ಜಗಳವಿಲ್ಲದ ಚೌಕಾಬಾರ

ಅನುಪಮಾಳಿಗೆ ಸಿಟ್ಟು ಬಂತೆಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ, ಆಮೇಲೆ ಬಾಯಿ ಬಿಚ್ಚಿಕೊಳ್ಳುತ್ತದೆ. ಭರಮಸಾಗರದ ಕೆರೆ ಏರಿಯ ಕೆಳಗಿನ ಬೀದಿಗೆಲ್ಲ ಇದು ಗೊತ್ತಿದ್ದ ಸಂಗತಿ. ಆರನೇ ಕ್ಲಾಸಿನಲ್ಲಿದ್ದಾಗ ಕುಂಟೆಬಿಲ್ಲೆಯ ಗೆರೆ ತುಳಿದೂ ತುಳಿದಿಲ್ಲ ಎಂದು ವಾದಿಸಿದ ಹುಡುಗಿಯನ್ನು ಜಡೆ ಹಿಡಿದು ಹೆಡ್‌ಮಾಸ್ಟರ ರೂಮಿನ ತನಕ ಎಳೆದುಕೊಂಡು ಹೋಗಿದ್ದಳು. ಈಗ ಇಪ್ಪತ್ತೆರಡು ವರ್ಷ. ಜಡೆ ಎಳೆಯುವುದು ನಿಂತಿದೆ, ಬಾಯಿ ನಿಂತಿಲ್ಲ.

ಅಂಥವಳು ಓದುತ್ತಿರುವುದಾದರೂ ಏನು? ಆಟ! ದುರ್ಗದ ಹೊರಗೆ, ಹೆದ್ದಾರಿ ಪಕ್ಕದ ಒಂದು ಖಾಸಗಿ ಕಾಲೇಜಿನಲ್ಲಿ ಗೇಮ್ ಡಿಸೈನ್ ಎಂಬ ಕೋರ್ಸು. ಆಟವನ್ನು ಹೇಗೆ ಕಟ್ಟಬೇಕು, ಯಾವ ಆಟ ಯಾಕೆ ಹಿಡಿಸುತ್ತದೆ, ಯಾವುದು ಯಾಕೆ ಬೋರು ಹೊಡೆಸುತ್ತದೆ ಎಂದು ಮೂರು ವರ್ಷ ಕೂತು ಓದುವುದು. ದಿನಾ ಬೆಳಗ್ಗೆ ಎಂಟರ ಬಸ್ಸು. ಕಂಡಕ್ಟರ್ ಗೊಲ್ಲಪ್ಪನದು ಪಾಸು ನೋಡುವಾಗಲೆಲ್ಲ ಒಂದೇ ಮಾತು: “ಏನವ್ವ, ಆಟ ಆಡಾಕೂ ಡಿಗ್ರಿ ಕೊಡ್ತಾರಾ? ಹಂಗಾರೆ ನಮ್ಮನೆ ಹುಡುಗ್ರಿಗೆ ಡಾಕ್ಟರೇಟೇ ಕೊಡ್ಬೇಕು ಬಿಡು.” ಬಸ್ಸೆಲ್ಲ ನಗುತ್ತಿತ್ತು. ಒಂದು ತಿಂಗಳು ತಡೆದುಕೊಂಡ ಅನುಪಮಾ ಕಡೆಗೊಂದು ದಿನ, “ಟಿಕೆಟ್ ಹರಿಯಾದು ಕಲ್ಸಾಕೆ ನಿಮ್ಗೆ ಟ್ರೈನಿಂಗ್ ಕೊಟ್ಟಿಲ್ವಾ? ಹರಿಯಾದು ನಮ್ಮನೆ ಮೇಕೆಗೂ ಬರ್ತೈತೆ” ಎಂದಳು. ಅಂದಿನಿಂದ ಗೊಲ್ಲಪ್ಪ ಪಾಸನ್ನೂ ನೋಡುವುದಿಲ್ಲ.

ಮನೆಯಲ್ಲಿ ಅಪ್ಪ ಹನುಮೇಶ್ ಲಾರಿ ಓಡಿಸುತ್ತಾರೆ. ತಿಂಗಳಿಗೆ ಎಂಟು ದಿನ ಊರಲ್ಲಿದ್ದರೆ ಹೆಚ್ಚು. ಅಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಅನುಪಮಾಳನ್ನು ಸಾಕಿದ್ದು, ಬೈದದ್ದು, ಬೆನ್ನಿಗೆ ಗುದ್ದಿದ್ದು, ಆಟ ಕಲಿಸಿದ್ದು ಎಲ್ಲ ಅಪ್ಪನ ತಾಯಿ ಏಕಾಂತಮ್ಮ. ಅರವತ್ತೇಳು ವರ್ಷದ ಜೀವ. ಹದಿನಾರಕ್ಕೆ ಈ ಊರಿಗೆ ಸೊಸೆಯಾಗಿ ಬಂದಳು, ಹದಿನೇಳಕ್ಕೆ ಗೊಬ್ಬರದಂಗಡಿ ಮುರುಗಪ್ಪನವರ ಹೊಲಕ್ಕೆ ಕಳೆ ಕೀಳಲು ಹೋದಳು. ಅಲ್ಲಿಂದ ಮಂಡಿ ಕೈಕೊಡುವ ತನಕ ಅವರ ಈರುಳ್ಳಿ, ಅವರ ಶೇಂಗಾ, ಅವರ ಮೆಕ್ಕೆಜೋಳ. ತನ್ನದು ಅಂತ ಹೇಳಿಕೊಳ್ಳಲು ಏಕಾಂತಮ್ಮನಿಗೆ ಇದ್ದದ್ದು ದಿನಕ್ಕೆ ಎರಡು ಗಂಟೆ. ಮಧ್ಯಾಹ್ನ ಮೂರರಿಂದ ಐದು.

ಆ ಎರಡು ಗಂಟೆ ಅವಳು ಮುರುಗಪ್ಪನವರ ಮನೆಯ ಜಗಲಿ ಮೇಲೆ, ಮುರುಗಪ್ಪನವರ ಹೆಂಡತಿ ದಾಕ್ಷಾಯಣಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ಚೌಕಾಬಾರ ಆಡುತ್ತಿದ್ದಳು. ದಾಕ್ಷಾಯಣಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಜಗಲಿಯಿಂದಾಚೆ ಕಾಲಿಡಲು ಬಿಡುತ್ತಿರಲಿಲ್ಲವಂತೆ. ಆಡಲು ಜೊತೆಯಿಲ್ಲದೆ ಬೇಸತ್ತು, ಹಿತ್ತಲಲ್ಲಿ ಶೇಂಗಾ ಬಿಡಿಸುತ್ತಿದ್ದ ತನ್ನ ಓರಗೆಯ ಹೆಂಗಸನ್ನು ಕರೆದು ಕೂರಿಸಿಕೊಂಡಳು. ಹಾಗೆ ಶುರುವಾದದ್ದು. ನಲವತ್ತು ವರ್ಷದ ಮೇಲಾಯಿತು.

ಜಗಲಿಯ ಚಪ್ಪಡಿ ಮೇಲೆ ಐದೈದು ಮನೆ ಕೊರೆದಿದ್ದಾರೆ. ದಾಳಕ್ಕೆ ನಾಲ್ಕು ಹುಣಸೆಬೀಜ, ಒಂದು ಮಗ್ಗುಲು ಬೆಳ್ಳಗಾಗುವ ಹಾಗೆ ಕಲ್ಲಿಗೆ ತೇಯ್ದದ್ದು. ಎಷ್ಟು ಬೀಜ ಬೆಳ್ಳಗೆ ಬಿದ್ದವೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬೆಳ್ಳಗಾದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಎದುರಾಳಿಯ ಕಾಯಿ ಕಡಿಯುತ್ತ, ಕಡಿಯಲಾಗದ ಕಟ್ಟೆ ಮನೆಗಳಲ್ಲಿ ತನ್ನ ಕಾಯಿ ಉಳಿಸಿಕೊಳ್ಳುತ್ತ ನಡುಮನೆ ಸೇರಿಸಿದರೆ ಆ ಕಾಯಿ ಹಣ್ಣು. ಇಷ್ಟೇ ಆಟ. ಆದರೆ ಆ ಜಗಲಿಯ ಎರಡು ಚಪ್ಪಡಿಗಳ ನಡುವೆ ಒಂದು ಸಂದಿಯಿತ್ತು. ಹತ್ತು ಸಲ ಬೀಜ ಹಾಕಿದರೆ ಒಂದು ಸಲವಾದರೂ ಒಂದು ಬೀಜ ಹೋಗಿ ಆ ಸಂದಿಯಲ್ಲಿ ಅಡ್ಡ ನಿಲ್ಲುತ್ತಿತ್ತು. ಅತ್ತ ಬಿಳಿಯೂ ಅಲ್ಲ, ಇತ್ತ ಕಪ್ಪೂ ಅಲ್ಲ.

ಆಗ ನೋಡಬೇಕು ನೀವು!

“ಮೂರು!”

“ಯಾವೂರಿನ ಮೂರೇ ಅದು? ಎರಡು.”

“ಕಣ್ಣಿಗೆ ಪೊರೆ ಬಂದೈತೇನೇ ದಾಕ್ಷಾಯಣಿ? ಹಲ್ಲು ಕಿರ್ಕಂಡು ಬೆಳ್ಳಗೆ ನೋಡ್ತೈತೆ ಬೀಜ!”

“ಲೇ ಕಳ್ಳಿ, ಊದಿ ಹೊರಳಿಸ್ದೆ ನೀನು. ನಾ ನೋಡ್ದೆ!”

“ನಾ ಯಾಕೆ ಊದ್ಲಿ? ನಿನ್ನಂಗೆ ಕಾಯಿ ಕದ್ದು ನಡ್ಸಾಳಲ್ಲ ನಾನು. ಮೊನ್ನೆ ಕಟ್ಟೆ ಮನೆ ದಾಟಿಸ್ಬಿಟ್ಟೆಲ್ಲ, ಮರ್ತೆ ಅಂದ್ಕಂಡ್ಯಾ?”

ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಏಕಾಂತಮ್ಮ ಗಂಟಲು ಹರಿಯುವಂತೆ ಕೂಗುತ್ತಿದ್ದಳು, ದಾಕ್ಷಾಯಣಮ್ಮ ಬೀಜ ಮುಚ್ಚಿಟ್ಟು ಕೂತುಬಿಡುತ್ತಿದ್ದಳು. ಒಂದು ದಿನ ಇವಳ ಮಾತು ನಡೆಯುತ್ತಿತ್ತು, ಒಂದು ದಿನ ಅವಳದು. ಐದು ಗಂಟೆಗೆ ಏಕಾಂತಮ್ಮ ಸೆರಗು ಕೊಡವಿ ಮೆಟ್ಟಿಲಿಳಿದು, ತಿರುಗಿ ನಿಂತು, “ಬರ್ತೀನ್ರಿ ಅಮ್ಮೋರೆ” ಎನ್ನುತ್ತಿದ್ದಳು. ದಾಕ್ಷಾಯಣಮ್ಮ “ಹೂಂ” ಎನ್ನುತ್ತಿದ್ದಳು. ಜಗಲಿ ಮೇಲೆ ದಾಕ್ಷಾಯಣಿ, ಮೆಟ್ಟಿಲಿಳಿದರೆ ಅಮ್ಮೋರು! ಅದೇ ಮನೆಯಲ್ಲಿ ಏಕಾಂತಮ್ಮನ ಚಹಾದ ಲೋಟ ಇವತ್ತಿಗೂ ಬೇರೆ, ಕಿಟಕಿಯ ಹೊರಗಿನ ಗೂಡಿನಲ್ಲಿ. ಲೋಟ ಮುಟ್ಟಿದರೆ ಮೈಲಿಗೆಯಂತೆ, ಕೈಯಿಂದ ಕೈಗೆ ಹೋಗುವ ಬೀಜಕ್ಕೆ ಏನೂ ಇಲ್ಲವಂತೆ. ಇದನ್ನು ಕೇಳಿ ಅನುಪಮಾಳಿಗೆ ಹತ್ತನೇ ವಯಸ್ಸಿನಿಂದಲೇ ಮೈ ಉರಿಯುತ್ತಿತ್ತು. ಅಜ್ಜಿ ಮಾತ್ರ, “ನೀನು ಆಟ ನೋಡು, ಲೋಟ ನೋಡ್ಬ್ಯಾಡ” ಎಂದು ಬಿಡುತ್ತಿದ್ದಳು.

ಕಾಲೇಜಿನ ಮೊದಲ ದಿನ ರಾಜಶೇಖರ್ ಸರ್ ಪಾಠ ಶುರು ಮಾಡಿದ್ದು ಒಂದು ಕಸದ ಬುಟ್ಟಿಯಿಂದ. ಬುಟ್ಟಿಯನ್ನು ಮೂಲೆಗಿಟ್ಟು, ಎಲ್ಲರ ಕೈಗೂ ಒಂದೊಂದು ಕಾಗದದ ಉಂಡೆ ಕೊಟ್ಟು ಎಸೆಯಲು ಹೇಳಿದರು. ಹೋ ಎಂದು ಗಲಾಟೆ. ಹಿರಿಯೂರಿನ ಅಂಜನ್ ಎಸೆದದ್ದು ಫ್ಯಾನಿಗೆ ತಗುಲಿ ಸರ್ ತಲೆ ಮೇಲೇ ಬಿತ್ತು. ನಗು ನಿಂತ ಮೇಲೆ ಸರ್ ಕೇಳಿದರು: “ಬುಟ್ಟಿ ಹತ್ರ ನಡ್ಕೊಂಡು ಹೋಗಿ ಹಾಕಿದ್ರೆ ಎಲ್ಲರದ್ದೂ ಬೀಳ್ತಿತ್ತು. ಯಾಕೆ ಹಾಗೆ ಮಾಡ್ಲಿಲ್ಲ?” ತಾವೇ ಹೇಳಿದರು: “ಬೇಕಂತಲೇ ಕಷ್ಟ ತಂದುಕೊಂಡು ಖುಷಿಪಡೋದಕ್ಕೆ ಆಟ ಅಂತಾರೆ. ಆ ಕಷ್ಟ ಯಾವುದು, ಎಷ್ಟಿರಬೇಕು ಅನ್ನೋದನ್ನ ಮೂರು ವರ್ಷ ಕಲೀತೀರಿ.” ಅನುಪಮಾಳಿಗೆ ಅಂದು ಮೈ ಜುಂ ಎಂದಿತ್ತು. ಬೆಳಗ್ಗಿನಿಂದ ಕಳೆ ಕಿತ್ತು ಸೊಂಟ ಹಿಡಿದುಕೊಂಡು ಬರುವ ಅಜ್ಜಿ, ಅದೇ ಸೊಂಟ ಬಗ್ಗಿಸಿ ಎರಡು ಗಂಟೆ ಚೌಕಾಬಾರ ಆಡುವಾಗ ಯಾಕೆ ನೋವೆನ್ನುವುದಿಲ್ಲ ಎಂದು ಅವಳು ಚಿಕ್ಕಂದಿನಿಂದ ಯೋಚಿಸಿದ್ದಳು. ಇದನ್ನೂ ಓದಲು ಆಗುತ್ತದೆ ಎಂದು ಗೊತ್ತಾದಾಗ ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಆದರೆ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಬುಟ್ಟಿಯ ಸರ್ ಬೇರೆಯೇ ಆಗಿದ್ದರು. ಯಾವ ಬಟನ್ನಿಗೆ ಯಾವ ಬಣ್ಣ ಹಾಕಿದರೆ ಜನ ಮತ್ತೆ ಒತ್ತುತ್ತಾರೆ, ಎಷ್ಟು ಸೆಕೆಂಡಿಗೊಮ್ಮೆ ಟಿಣ್ ಅನ್ನಿಸಬೇಕು, ಇಂಥವೇ ಮಾತು. ‘ಫ್ರಿಕ್ಷನ್’ ಎಂಬ ಪದವಂತೂ ಬಾಯಿಪಾಠ. ಆಡುವವರಿಗೆ ಅಡ್ಡ ಬರುವುದೆಲ್ಲ ಫ್ರಿಕ್ಷನ್, ಅದನ್ನು ಹುಡುಕಿ ಕಿತ್ತು ಹಾಕಬೇಕು. ಕೊನೆಯ ಪ್ರಾಜೆಕ್ಟಿಗೆ ಸ್ಥಳೀಯ ಆಟವೊಂದನ್ನು ಟ್ಯಾಬಿಗೆ ತನ್ನಿ ಎಂದಾಗ ಅನುಪಮಾ ಎರಡನೇ ಯೋಚನೆ ಮಾಡದೆ ಚೌಕಾಬಾರ ಎಂದಳು.

ಹತ್ತು ದಿನ ರಜೆ ಹಾಕಿ ಜಗಲಿಯ ಕಂಬಕ್ಕೊರಗಿ ಕೂತು, ಮೊಬೈಲಿನಲ್ಲಿ ಗಡಿಯಾರ ಹಿಡಿದು ಇಬ್ಬರ ಆಟ ಬರೆದುಕೊಂಡಳು. ಎಷ್ಟು ಸಲ ಬೀಜ ಹಾಕಿದರು, ಎಷ್ಟು ಕಾಯಿ ಕಡಿದರು, ಎಷ್ಟು ಹೊತ್ತು ಜಗಳವಾಡಿದರು. ನೂರಿಪ್ಪತ್ತು ನಿಮಿಷದ ಆಟದಲ್ಲಿ ಸರಾಸರಿ ನಲವತ್ತೇಳು ನಿಮಿಷ ಜಗಳ! ಅವಳು ಅದಕ್ಕೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಸಮಸ್ಯೆ’ ಎಂದು ಬರೆದಳು. ಕೆಳಗೆ ‘ಪರಿಹಾರ’ ಎಂದು ಬರೆದು, ಬೀಜವನ್ನು ಮಿಷಿನ್ನೇ ಹಾಕಲಿ, ಲೆಕ್ಕವನ್ನೂ ಮಿಷಿನ್ನೇ ಹೇಳಲಿ, ಅಡ್ಡ ನಿಲ್ಲುವ ಮಾತೇ ಬೇಡ ಎಂದಳು. ಅಲ್ಲ, ಆ ಜಗಲಿಯ ಕೆಳಗೇ ಹುಟ್ಟಿ ಬೆಳೆದ ಹುಡುಗಿ! ಹೊರಗಿನವರು ಯಾರಾದರೂ ಹೀಗೆ ಬರೆದಿದ್ದರೆ ಅವರ ಪುಸ್ತಕ ಕಿತ್ತು ಬಿಸಾಕುತ್ತಿದ್ದಳು. ಓದು ತಲೆಗೇರಿದಾಗ ಕಣ್ಣೆದುರಿನದು ಹೀಗೆ ಕಾಣದೆ ಹೋಗುತ್ತದೆ.

ರಾಜಶೇಖರ್ ಸರ್ ಬೆನ್ನು ತಟ್ಟಿದರು. ಒಂದು ಸೇರಿಸು ಎಂದರು: ಜೊತೆಗೆ ಯಾರೂ ಇಲ್ಲದಿದ್ದರೂ ಒಬ್ಬರೇ ಮಿಷಿನ್ನಿನ ಎದುರು ಆಡುವಂತಿರಬೇಕು. ಅನುಪಮಾ ಅದನ್ನೂ ಸೇರಿಸಿದಳು.

ಆಟವನ್ನು ಆಡಿಸಿ ನೋಡುವ ದಿನ ಸರ್ ಕ್ಯಾಮೆರಾದವನನ್ನು ಕರೆದುಕೊಂಡು ಕಾರಿನಲ್ಲಿ ಬಂದರು. ದಾಕ್ಷಾಯಣಮ್ಮ ಇಳಕಲ್ ಸೀರೆ ಉಟ್ಟು ಕೂತಿದ್ದಳು. “ಮೇಡಂ, ನೀವು ಮಧ್ಯಕ್ಕೆ ಬನ್ನಿ” ಎಂದರು ಸರ್. “ಅಜ್ಜಿ, ನೀವು ಒಂದು ಸ್ವಲ್ಪ ಆ ಕಡೆ.” ಏಕಾಂತಮ್ಮ ಸರಿದಳು. “ಇನ್ನೂ ಸ್ವಲ್ಪ.” ಸರಿದು ಸರಿದು ಜಗಲಿ ಮುಗಿದು ಮೆಟ್ಟಿಲ ಮೇಲೆ ಕೂತಳು. ಆಟ ಶುರುವಾಯಿತು. ದಾಕ್ಷಾಯಣಮ್ಮ ಬೆರಳು ಒತ್ತಿದಳು, ಟ್ಯಾಬು ‘ಮೂರು’ ಎಂದಿತು, ಕಾಯಿ ತಾನೇ ನಡೆಯಿತು. ಏಕಾಂತಮ್ಮ ಬೆರಳು ಒತ್ತಿದಳು, ‘ಒಂದು’ ಎಂದಿತು, ನಡೆಯಿತು. “ನಿಮ್ದು ಈಗ, ಅಮ್ಮೋರೆ” ಎಂದಳು ಏಕಾಂತಮ್ಮ. ಮೂವತ್ತೈದು ನಿಮಿಷಕ್ಕೆ ಆಟ ಮುಗಿದು ದಾಕ್ಷಾಯಣಮ್ಮ ಗೆದ್ದಳು. ಪರದೆಯ ಮೇಲೆ ಪಟಾಕಿ ಹಾರಿತು. ಒಂದು ದನಿಯೂ ಏರಲಿಲ್ಲ.

“ಅದ್ಭುತ! ಒಂದೇ ಒಂದು ತಕರಾರಿಲ್ಲ!” ಎಂದು ಸರ್ ಚಪ್ಪಾಳೆ ಹೊಡೆದರು. ಅನುಪಮಾಳೂ ಹೊಡೆದಳು. ಎರಡು ವಾರ ಇಲ್ಲೇ ಇರಲಿ, ದಿನಾ ಎಷ್ಟು ಆಡುತ್ತಾರೆ ನೋಡೋಣ ಎಂದು ಸರ್ ಟ್ಯಾಬನ್ನು ದಾಕ್ಷಾಯಣಮ್ಮನ ಕೈಗೇ ಕೊಟ್ಟು ಹೋದರು.

ಆಮೇಲಿನ ಸಂಗತಿ ಅನುಪಮಾಳಿಗೆ ತಿಳಿದದ್ದು ಆರನೇ ದಿನ. ಅಂದು ಮಧ್ಯಾಹ್ನದ ಕ್ಲಾಸಿಲ್ಲದೆ ಬೇಗ ಊರಿಗೆ ಬಂದಳು. ಗಂಟೆ ಮೂರೂವರೆ. ಜಗಲಿ ಮೇಲೆ ದಾಕ್ಷಾಯಣಮ್ಮ ಒಬ್ಬಳೇ, ಕನ್ನಡಕ ಮೂಗಿಗಿಳಿಸಿಕೊಂಡು, ಟ್ಯಾಬಿನ ಜೊತೆ ಆಡುತ್ತಿದ್ದಳು. ಅಜ್ಜಿಗೆ ಹುಷಾರಿಲ್ಲವೇನೋ ಎಂದು ಅನುಪಮಾ ಮನೆಯತ್ತ ಹೆಜ್ಜೆ ಹಾಕುತ್ತಿದ್ದಂತೆ ಹಿತ್ತಲಿನ ಕಡೆಯಿಂದ ಪೊರಕೆಯ ಸದ್ದು ಕೇಳಿತು. ದಾಕ್ಷಾಯಣಮ್ಮ ಪರದೆಯಿಂದ ತಲೆಯೆತ್ತದೆ ಕೂಗಿದಳು: “ಏಕಾಂತೀ, ಆ ಮೂಲೇಲಿ ಈರುಳ್ಳಿ ಸಿಪ್ಪೆ ಹಂಗೇ ಐತೆ ನೋಡು.”

“ಹೂಂ ಅಮ್ಮೋರೆ, ಬಂದೆ” ಎಂದಿತು ಹಿತ್ತಲಿನ ದನಿ.

ಅನುಪಮಾಳ ಕಾಲು ಅಲ್ಲೇ ನಿಂತವು. ಮೂರರಿಂದ ಐದು! ಅಜ್ಜಿಯ ಎರಡು ಗಂಟೆ! ಹಿತ್ತಲಿಗೆ ನುಗ್ಗಿ ಪೊರಕೆ ಕಿತ್ತು ಗೋಡೆಯಾಚೆ ಬಿಸುಟು, ಅಜ್ಜಿಯ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದಳು.

“ಯಾಕೆ ಹೋದೆ? ಕೂಲಿ ಬಿಟ್ಟು ಮೂರು ವರ್ಷ ಆತು. ಯಾಕೆ ಹೋದೆ ಅಂತ!”

“ಆಟಕ್ಕೇ ಹೋಗಿದ್ದು ಕಣೇ” ಎಂದಳು ಏಕಾಂತಮ್ಮ. ಗೋಡೆಗೊರಗಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. “ಮೊದ್ಲ ದಿನ ಇಬ್ರೂ ಆಡಿದ್ವಿ. ಎರಡ್ನೇ ದಿನ ಹೋದೆ, ಅವ್ರು ಅದ್ರ ಜೊತೆ ಆಡ್ತಿದ್ರು. ಸುಮ್ನೆ ಕುಂತಿದ್ದೆ. ಸುಮ್ನೆ ಯಾಕೆ ಕುಂತ್ಕಂತೀಯ, ಒಂದಿಷ್ಟು ಹಿತ್ಲು ಗುಡ್ಸು ಅಂದ್ರು. ಗುಡಿಸ್ದೆ. ಮಾರ್ನೇ ದಿನಾನೂ ಅಂದ್ರು.”

“ಆಗಲ್ಲ ಅನ್ನಾಕೆ ಬಾಯಿರ್ಲಿಲ್ವಾ? ಊರಿಗೆಲ್ಲ ಕೇಳೋ ಹಂಗೆ ದಾಕ್ಷಾಯಣಿ, ಕಳ್ಳಿ, ಕುರುಡಿ ಅಂತ ಬೈತಿದ್ದೆಲ್ಲ! ಎಲ್ಲಿ ಹೋತು ಆ ಬಾಯಿ?”

ಏಕಾಂತಮ್ಮನಿಗೂ ಸಿಟ್ಟು ಬಂತು. ಮೊಮ್ಮಗಳ ಮೂಗಿನ ತುದಿ ಬಂದದ್ದು ಅವಳಿಂದಲೇ.

“ಅದು ಆಟದಾಗಿನ ಬಾಯಿ ಕಣೇ! ಬೀಜ ಅಡ್ಡ ನಿಂತಾಗ ನಾನು ಮೂರು ಅಂತಿದ್ದೆ, ಅವ್ಳು ಎರಡು ಅಂತಿದ್ಲು. ಯಾರ ಮಾತು ನಡೀತದೆ ಅಂತ ಇಬ್ರಿಗೂ ಗೊತ್ತಿರ್ಲಿಲ್ಲ. ಈ ಊರಾಗೆ ಬ್ಯಾರೆ ಎಲ್ಲೈತೆ ಅಂಥ ಜಾಗ? ಹೊಲದಾಗೆ ಅವ್ರ ಮಾತೇ, ಅಂಗಡ್ಯಾಗೆ ಅವ್ರ ಮಾತೇ. ಬೀಜ ಒಂದು ಅಡ್ಡ ನಿಂತ್ರೆ ನಾನೂ ಅವ್ಳೂ ಸಮ. ನೀನು ಬಂದು ಬೀಜ ಅಡ್ಡ ನಿಲ್ದಂಗೆ ಮಾಡ್ದೆ. ಮಿಷಿನ್ನು ಹೇಳಿದ್ದೇ ಸರಿ ಅಂತಾದ್ಮೇಲೆ ನಾನು ಏನು ಮಾತಾಡ್ಲಿ? ಓದಿದೋಳು ನೀನು, ಹೇಳು!”

ಓದಿದವಳಿಗೆ ತನ್ನದೇ ಪುಸ್ತಕ ಕಣ್ಣೆದುರು ಬಂತು. ನಲವತ್ತೇಳು ನಿಮಿಷ. ಕೆಂಪು ಗೆರೆ. ‘ಸಮಸ್ಯೆ’. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು ಅನುಪಮಾಳಿಗೆ. ಸರ್ ಮೇಲೆ ಸಿಟ್ಟು, ದಾಕ್ಷಾಯಣಮ್ಮನ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಮೇಲೆ. ಅಜ್ಜಿಗೆ ಇದ್ದದ್ದೇ ಎರಡು ಗಂಟೆ, ಅದನ್ನೂ ತಾನೇ ಕೈಯಾರೆ ಕಿತ್ತು ಆ ಮನೆಗೆ ಕೊಟ್ಟು ಬಂದಿದ್ದಳು. ಅದನ್ನು ವಾಪಸು ತಂದೇ ತರುತ್ತೇನೆ, ಡಿಗ್ರಿ ಹಾಳಾಗಿ ಹೋಗಲಿ ಎಂದುಕೊಂಡಳು.

ಮುಂದಿನ ಸೋಮವಾರ ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ. ಹೊರಗಿನ ಕಾಲೇಜಿನಿಂದ ಒಬ್ಬರು ಮೇಡಂ ಪರೀಕ್ಷಕರಾಗಿ ಬಂದಿದ್ದರು. ಗೋಡೆ ಮೇಲೆ ಅನುಪಮಾಳ ಆಟದ ಚಿತ್ರ, ಕೆಳಗೆ ಸರ್ ದಪ್ಪ ಅಕ್ಷರದಲ್ಲಿ ಹಾಕಿಸಿದ್ದ ಸಾಲು: ಮೊದಲು ತಕರಾರು ನಲವತ್ತೇಳು ನಿಮಿಷ, ಈಗ ಸೊನ್ನೆ.

“ಈ ಆಟ ಫೇಲಾಗಿದೆ” ಎಂದು ಶುರು ಮಾಡಿದಳು ಅನುಪಮಾ.

ರಾಜಶೇಖರ್ ಸರ್ ನಕ್ಕರು. “ಟೆನ್ಷನ್ ಆಗ್ಬೇಡ. ನಿಧಾನಕ್ಕೆ ಹೇಳು.”

“ಟೆನ್ಷನ್ ಇಲ್ಲ ಸರ್. ಸಿಟ್ಟು ಬಂದಿದೆ. ಆ ಸೊನ್ನೆ ಇದೆಯಲ್ಲ, ಅದೇ ತಪ್ಪು. ಅವರಿಬ್ಬರೂ ಆಡ್ತಿದ್ದಿದ್ದೇ ಆ ನಲವತ್ತೇಳು ನಿಮಿಷವನ್ನ. ಬೀಜ, ಕಾಯಿ, ಮನೆ ಎಲ್ಲ ಅದಕ್ಕೊಂದು ನೆಪ. ನಾನು ಆಟ ತೆಗೆದುಹಾಕಿ ನೆಪವನ್ನ ಮಾತ್ರ ಟ್ಯಾಬಲ್ಲಿ ಇಟ್ಟಿದ್ದೀನಿ. ಈಗ ಒಬ್ಬರು ಟ್ಯಾಬ್ ಒತ್ತುತ್ತಾರೆ, ನಮ್ಮಜ್ಜಿ ಅವರ ಹಿತ್ತಿಲು ಗುಡಿಸ್ತಾರೆ.”

ಸರ್ ಮುಖ ಕೆಂಪಗಾಯಿತು. “ನಿಮ್ಮೂರಿನ ಸಮಾಚಾರ ಇಲ್ಲಿ ಬೇಡ. ಇದು ಡಿಸೈನ್ ಪರೀಕ್ಷೆ, ಸಮಾಜಸೇವೆ ಅಲ್ಲ.”

“ಬುಟ್ಟಿ ದೂರ ಇಟ್ಟು ಆಟ ಅಂದ್ರೆ ಏನು ಅಂತ ಕಲಿಸಿದೋರು ನೀವೇ ಸರ್. ಆಮೇಲೆ ನೀವೇ ಬುಟ್ಟೀನ ತಂದು ಕೈಗೆ ಕೊಟ್ಟುಬಿಟ್ರಿ. ನಾನು ಪೆದ್ದಿ, ಇಸ್ಕೊಂಡೆ.”

ಪರೀಕ್ಷಕರು ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. “ಸರಿಯಮ್ಮ, ಹಾಗಾದರೆ ಸರಿಪಡಿಸೋದು ಹೇಗೆ?”

“ಬೀಜ ಅಡ್ಡ ನಿಲ್ಲಬೇಕು ಮೇಡಂ. ನಿಂತಾಗ ಮಿಷಿನ್ನು ಬಾಯಿ ಮುಚ್ಕೊಂಡು ಕೂತಿರಬೇಕು. ಎಷ್ಟು ಅಂತ ಆಡೋರು ಹೇಳಬೇಕು.”

“ಅಂಥ ದೋಷಕ್ಕೆ ನಮ್ಮಲ್ಲಿ ಬಗ್ ಅಂತಾರೆ” ಎಂದರು ಸರ್. ಪರೀಕ್ಷಕರು ಏನೋ ಬರೆದುಕೊಂಡರು. ಸಂಜೆ ಬೋರ್ಡಿಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ, ಪ್ರಾಜೆಕ್ಟ್ ಅಪೂರ್ಣ, ಮುಂದಿನ ಅವಧಿಗೆ ಮತ್ತೆ ಸಲ್ಲಿಸತಕ್ಕದ್ದು ಎಂದಿತ್ತು. ಅಂಜನ್ ಸಮಾಧಾನ ಹೇಳಲು ಬಂದ. “ಹೋಗೋ ಆ ಕಡೆ” ಎಂದು ಬಸ್ ಸ್ಟ್ಯಾಂಡಿಗೆ ನಡೆದಳು. ಆರು ತಿಂಗಳು ಹೋದರೆ ಹೋಗಲಿ. ಜಗಲಿ ಮೇಲಿನದು ಸರಿಯಾದರೆ ಸಾಕಿತ್ತು ಅವಳಿಗೆ, ಅದು ಕಷ್ಟವೇನಲ್ಲ ಎಂದೂ ಅವಳಿಗೆ ಖಾತ್ರಿಯಿತ್ತು. ಟ್ಯಾಬು ಕಿತ್ತುಕೊಂಡು ಬೀಜ ವಾಪಸಿಟ್ಟರೆ ಮುಗಿಯಿತು.

ಮಾರನೇ ದಿನ ಮಧ್ಯಾಹ್ನ ಸೊಂಟಕ್ಕೆ ದುಪ್ಪಟ್ಟ ಬಿಗಿದು, ಏನೇನು ಬೈಯಬೇಕೆಂದು ಸಾಲುಸಾಲಾಗಿ ಯೋಚಿಸಿಕೊಂಡು ಮುರುಗಪ್ಪನವರ ಮನೆಗೆ ಹೋದಳು. ಬೈಯುವ ಅವಕಾಶವೇ ಸಿಗಲಿಲ್ಲ. ದಾಕ್ಷಾಯಣಮ್ಮ ಟ್ಯಾಬನ್ನು ತಾನೇ ತಂದು ಅವಳ ಕೈಗೆ ತುರುಕಿದಳು.

“ತಗಂಡು ಹೋಗವ್ವ ಇದನ್ನ! ಮೂರು ದಿನದಿಂದ ಮುಟ್ಟಿಲ್ಲ ನಾನು. ಗೆದ್ರೂ ಟಿಣ್ಣು, ಸೋತ್ರೂ ಟಿಣ್ಣು. ಒಂದು ಸಲ ಬೇಕಂತ ಕಾಯಿ ಕದ್ದು ನಡ್ಸಾಕೆ ನೋಡ್ದೆ. ಅದಕ್ಕೂ ಬಿಡಲ್ಲ ಮುಂಡೇದು!” ಕತ್ತು ಚಾಚಿ ಬೀದಿಯತ್ತ ನೋಡಿದಳು. “ಯಾಕೆ ಬರ್ವಲ್ಲಳು ನಿಮ್ಮಜ್ಜಿ? ಗುಡ್ಸಾಕೆ ಬ್ಯಾಡ, ಆಟಕ್ಕೆ ಕಳ್ಸು. ನಾ ಕರೆದೆ ಅಂತ ಹೇಳು.”

ಏಕಾಂತಮ್ಮ ಒಲ್ಲೆ ಎಂದಳು. ಅನುಪಮಾ ಗೋಗರೆದಳು, ಗದರಿ ನೋಡಿದಳು, ಕಡೆಗೆ ಊಟ ಬಿಡುತ್ತೇನೆ ಎಂದಳು. ಅಜ್ಜಿ ನಿಟ್ಟುಸಿರು ಬಿಟ್ಟು ಎದ್ದಳು. “ಅಮ್ಮೋರು ಕರೆದವ್ರೆ ಅಂದ್ಮೇಲೆ ಹೋಗ್ಲೇಬೇಕಲ್ಲ” ಎಂದಳು. ಆ ಮಾತು ಅನುಪಮಾಳಿಗೆ ಚುಚ್ಚಿತು. ಒಂದು ಆಟ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂದು ತನಗೇ ಹೇಳಿಕೊಂಡಳು.

ಜಗಲಿ ತೊಳೆದು ಇಟ್ಟಿದ್ದರು. ದಾಕ್ಷಾಯಣಮ್ಮ ತನ್ನ ಜಾಗದಲ್ಲಿ ಕೂತು ಬೀಜಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದಳು. ಏಕಾಂತಮ್ಮ ಎದುರು ಕೂತಳು; ಜಗಲಿಯ ಅಂಚಿಗೆ, ಕಾಲು ಮೆಟ್ಟಿಲ ಮೇಲಿಟ್ಟು. ಮೊದಲ ನಾಲ್ಕಾರು ಸುತ್ತು ಸುಮ್ಮನೆ ಕಳೆಯಿತು. ಐದನೆಯದೋ ಆರನೆಯದೋ ಸಲ ಏಕಾಂತಮ್ಮ ಹಾಕಿದಾಗ ಎರಡು ಬೀಜ ಬೆಳ್ಳಗೆ, ಒಂದು ಕಪ್ಪಗೆ ಬಿದ್ದವು. ನಾಲ್ಕನೆಯದು ಉರುಳಿ ಹೋಗಿ ಸಂದಿಯಲ್ಲಿ ಅಡ್ಡ ನಿಂತಿತು. ಮೂರಾದರೆ ದಾಕ್ಷಾಯಣಮ್ಮನ ಮಾಗುತ್ತಿದ್ದ ಕಾಯಿ ಕಡಿಯಬಹುದು. ಅನುಪಮಾ ಕಂಬ ಹಿಡಿದುಕೊಂಡಳು.

“ಎರಡು” ಎಂದಳು ದಾಕ್ಷಾಯಣಮ್ಮ. ಎಂದು ಏಕಾಂತಮ್ಮನ ಮುಖ ನೋಡಿದಳು.

ಏಕಾಂತಮ್ಮ ಬೀಜವನ್ನು ನೋಡಿದಳು. ಎದುರು ಕೂತವಳನ್ನು ನೋಡಿದಳು.

“ಹೂಂ, ಎರಡೇ” ಎಂದು ತನ್ನ ಕಾಯಿಯನ್ನು ಎರಡು ಮನೆ ನಡೆಸಿದಳು.

“ಅಜ್ಜಿ! ಮೂರು ಅದು! ಬೆಳ್ಳಗೆ ಕಾಣ್ತೈತಲ್ಲ, ಮೂರು!” ಕಂಬ ಬಿಟ್ಟು ಅನುಪಮಾ ಕಿರುಚಿದಳು.

“ಸುಮ್ನಿರೇ. ದೊಡ್ಡೋರು ಎರಡು ಅಂದ್ರಲ್ಲ.”

ದಾಕ್ಷಾಯಣಮ್ಮನ ಮುಖ ಸಣ್ಣಗಾಯಿತು. ತನ್ನ ಸರದಿಗೆ ಬೀಜ ಹಾಕಿದಳು, ಒಂದು ಬಿತ್ತು. ಕಾಯಿಯನ್ನು ಮೂರು ಮನೆ ನಡೆಸಿದಳು. ಕಳ್ಳತನವೂ ಅಲ್ಲ ಅದು, ಹಾಡಹಗಲ ದರೋಡೆ. ಒಂದೊಂದು ಮನೆಗೂ ಟಕ್ ಟಕ್ ಎಂದು ಕಾಯಿ ಕುಕ್ಕಿ, ಏಕಾಂತಮ್ಮನ ಕಾಯಿಯನ್ನೂ ಕಡಿದು ಪಕ್ಕಕ್ಕಿಟ್ಟಳು. ಇಟ್ಟು ಕಾದಳು. ಏಕಾಂತಮ್ಮ ಕಡಿದ ಕಾಯಿಯನ್ನು ಎತ್ತಿಕೊಂಡು ಮತ್ತೆ ಮೊದಲ ಮನೆಗಿಟ್ಟು, ಬೀಜಕ್ಕಾಗಿ ಕೈ ಚಾಚಿದಳು.

“ನಾ ಮೋಸ ಮಾಡ್ದೆ ಕಣೇ!” ಎಂದಳು ದಾಕ್ಷಾಯಣಮ್ಮ. “ಕಣ್ಮುಂದೇನೇ ಮೋಸ ಮಾಡ್ದೆ! ನೋಡಿಲ್ವಾ ನೀನು?”

“ನೋಡ್ದೆ.”

“ಮತ್ತೆ ಬಯ್ಯೇ! ಬಾಯಿಗೇನಾಗೈತೆ ನಿಂಗೆ?” ದಾಕ್ಷಾಯಣಮ್ಮ ಬೀಜಗಳನ್ನು ರಪ್ಪನೆ ಬೀದಿಗೆ ಎಸೆದಳು. “ಬಯ್ಯೇ ಏಕಾಂತೀ! ಬಯ್ಯಿ ಅಂತ ಹೇಳ್ತಾ ಇದೀನಿ ನಿಂಗೆ!”

ಏಕಾಂತಮ್ಮ ಮಂಡಿ ಹಿಡಿದು ಎದ್ದಳು. ಮೆಟ್ಟಿಲಿಳಿದು, ಬಗ್ಗಿ, ಮಣ್ಣಿನಿಂದ ನಾಲ್ಕೂ ಬೀಜ ಆರಿಸಿ ಸೆರಗಿನಲ್ಲಿ ಒರೆಸಿ ಜಗಲಿಯ ಅಂಚಿಗೆ ಸಾಲಾಗಿ ಇಟ್ಟಳು. ಅನುಪಮಾ ಅವಳ ತೋಳು ಹಿಡಿಯಲು ಹೋದಳು, ಅವಳು ಮೆಲ್ಲಗೆ ಬಿಡಿಸಿಕೊಂಡಳು. ಮೇಲೆ ಹತ್ತಲಿಲ್ಲ. ಹತ್ತಿರ ಹತ್ತಿರ ಐವತ್ತು ವರ್ಷ ಆ ಮನೆಯ ಕೆಲಸ ಕೇಳಿಕೊಳ್ಳಲು ನಿಲ್ಲುತ್ತಿದ್ದ ಹಾಗೆ ಕೆಳಗೆ ನಿಂತು, ಸೆರಗು ಹೊದ್ದು, ಕೇಳಿದಳು:

“ಏನಂತ ಬಯ್ಲಿ ಹೇಳ್ರಿ, ಅಮ್ಮೋರೆ.”